‘ಡೆಟ್’ ಲೇಖನದ ಬಗ್ಗೆ: ಆ ‘ಬಿ’ ಸವೆದದ್ದಲ್ಲ, ಸೇರಿಸಿದ್ದು

ನಮಸ್ಕಾರ. ಸಾಲ ಎಂಬ ಅರ್ಥದ ಇಂಗ್ಲಿಷ್ ಪದ ‘ಡೆಟ್’ನ (debt: ಬರೆಯುವಾಗ ‘ಬಿ’ ಇದೆ, ಉಚ್ಚರಿಸುವಾಗ ಇಲ್ಲ) ಮೂಲ ಹುಡುಕಿ ನೀವು ಕಳಿಸಿದ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಬರವಣಿಗೆ ಸಲೀಸಾಗಿದೆ, ವಾದದ ಬುಡವೇ ಸಡಿಲ.

ಲ್ಯಾಟಿನ್ನಿನ ‘ದೇಬಿತುಂ’ (ಕೊಡಬೇಕಾದದ್ದು) ನೇರವಾಗಿ ಇಂಗ್ಲಿಷಿಗೆ ಬಂತು, ಅಲ್ಲಿನವರ ಬಾಯಲ್ಲಿ ‘ಬಿ’ ಸವೆಯಿತು ಎನ್ನುತ್ತೀರಿ. ಬಕಾರ ಬಿದ್ದುಹೋದದ್ದು ಫ್ರೆಂಚಿನಲ್ಲಿ. ಬಹುವಚನ ‘ದೇಬಿತ’ದ ನಡುವಿನ ಇಕಾರ ಮೊದಲು ಲೋಪವಾಯಿತು, ಆಗ ತಕಾರಕ್ಕೆ ತಾಗಿದ ಬಕಾರ ಅದರಲ್ಲೇ ಕರಗಿ ‘ದೆತ್ತೆ’ ಉಳಿಯಿತು. ಫ್ರೆಂಚ್ ಮಾತಾಡುವ ನಾರ್ಮನ್ನರು 1066ರಲ್ಲಿ ಇಂಗ್ಲೆಂಡ್ ಗೆದ್ದ ನಂತರದ ಶತಮಾನಗಳಲ್ಲಿ ಇಂಗ್ಲಿಷ್ ಎರವಲು ಪಡೆದದ್ದು ಈ ‘ಬಿ’ ಇಲ್ಲದ ರೂಪವನ್ನೇ. ಲ್ಯಾಟಿನ್ ಮೋಹದ ಪಂಡಿತರು ಆಮೇಲೆ ಕಾಗುಣಿತಕ್ಕೆ ‘ಬಿ’ ತುರುಕಿದರು. ಫ್ರೆಂಚರೂ ಕೆಲಕಾಲ ಹಾಗೇ ಬರೆದು ಕೊನೆಗೆ ಕಿತ್ತುಹಾಕಿದರು, ಇಂಗ್ಲಿಷಿನವರು ಉಳಿಸಿಕೊಂಡರು.

‘ಬಿ’ ಉಚ್ಚರಿಸುತ್ತಿದ್ದರು ಎನ್ನಲು ನೀವು ಕೊಟ್ಟ ಷೇಕ್ಸ್‌ಪಿಯರ್ ಸಾಕ್ಷಿ ನಿಮಗೇ ತಿರುಗುತ್ತದೆ. 1598ರಲ್ಲಿ ಅಚ್ಚಾದ ‘ಲವ್ಸ್ ಲೇಬರ್ಸ್ ಲಾಸ್ಟ್’ನಲ್ಲಿ ‘ಬಿ’ ಉಚ್ಚರಿಸಿ ಎಂದು ಹಟ ಹಿಡಿಯುವವನು ಹೋಲೋಫರ್ನಿಸ್ ಎಂಬ ಒಣ ಪಾಂಡಿತ್ಯದ ಮೇಷ್ಟ್ರು. ನಾಟಕ ನಗುವುದು ಅವನನ್ನು ನೋಡಿಯೇ.

ನಿಘಂಟಿನಲ್ಲಿ ‘ಲ್ಯಾಟಿನ್ ಮೂಲ’ ಎಂದು ಕಂಡೊಡನೆ ನಿಲ್ಲಬೇಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಪದದ ಹಳೆಯ ಕಾಗುಣಿತಗಳೂ ಇಸವಿ ಸಮೇತ ಉದಾಹರಣೆ ವಾಕ್ಯಗಳೂ ಇರುತ್ತವೆ. ‘ಬಿ’ ಯಾವಾಗ ಕಾಣಿಸಿಕೊಂಡಿತು ಎಂಬುದು ಅಲ್ಲೇ ಗೊತ್ತಾಗುತ್ತದೆ. ನಡುವಿನ ಮೆಟ್ಟಿಲಾದ ಫ್ರೆಂಚಿಗೆ ಆಂಗ್ಲೋ-ನಾರ್ಮನ್ ನಿಘಂಟು, ಅಂದರೆ ಆಗ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಫ್ರೆಂಚಿನ ನಿಘಂಟು ನೋಡಿ. ನಂತರ ಅದೇ ಧ್ವನಿ ಬದಲಾವಣೆ ಇನ್ನೊಂದು ಪದದಲ್ಲೂ ಆಗಿದೆಯೇ ಪರೀಕ್ಷಿಸಿ: ಲ್ಯಾಟಿನ್ ‘ದುಬಿತಾರೆ’ಯಿಂದ ಬಂದ ‘ಡೌಟ್’ (doubt) ಪದದಲ್ಲೂ ಬಕಾರ ಫ್ರೆಂಚಿನಲ್ಲೇ ಹೋಗಿ, ಬರಹದಲ್ಲಿ ಮರಳಿತು. ಒಂದೇ ಪದ ಇಟ್ಟುಕೊಂಡು ನಿಯಮ ಕಟ್ಟಿದರೆ ಅದು ಊಹೆ ಅಷ್ಟೆ.

ನಿಜಕ್ಕೂ ಸ್ವಾರಸ್ಯವಿರುವ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ‘ಡೆಬಿಟ್’, ‘ಡ್ಯೂ’, ‘ಡ್ಯೂಟಿ’ ಎಲ್ಲವೂ ‘ದೇಬೇರೆ’ (ಕೊಡಬೇಕಾಗಿರು) ಎಂಬ ಒಂದೇ ಲ್ಯಾಟಿನ್ ಕ್ರಿಯಾಪದದ ಸಂತಾನ. ‘ಡ್ಯೂ’ ಮತ್ತು ‘ಡ್ಯೂಟಿ’ ಫ್ರೆಂಚಿನಲ್ಲಿ ಸವೆದು ಬಂದವು; ‘ಡೆಬಿಟ್’ನಲ್ಲಿ ಲ್ಯಾಟಿನ್ ರೂಪ ಹಾಗೇ ಉಳಿದಿದೆ, ಅದಕ್ಕೇ ಅಲ್ಲಿ ಬಕಾರ ಕೇಳಿಸುತ್ತದೆ. ಬ್ಯಾಂಕಿಗೆ ಹೋಗುವ ಕನ್ನಡಿಗರೆಲ್ಲ ಬಳಸುವ ಪದಗಳಿವು. ಲೇಖನ ಇಲ್ಲಿಂದಲೇ ಶುರುವಾಗಲಿ.

‘ಡೆಟ್’ಗೂ ಸಂಸ್ಕೃತದ ‘ದತ್ತ’ಕ್ಕೂ ನಂಟು ಹಾಕಿದ ಕೊನೆಯ ಪುಟ ಪೂರ್ತಿ ತೆಗೆಯಿರಿ. ‘ದೇಬೇರೆ’ ಹುಟ್ಟಿದ್ದು, ಇಟ್ಟುಕೊಳ್ಳು ಎಂಬ ಅರ್ಥದ ‘ಹಬೇರೆ’ಯಿಂದ, ಕೊಡು ಎಂಬ ಅರ್ಥದ ‘ದಾ’ ಧಾತುವಿಗೆ ಅಲ್ಲಿ ಜಾಗವಿಲ್ಲ. ‘ದತ್ತ’ದ ನಿಜವಾದ ಲ್ಯಾಟಿನ್ ಬಂಧು ‘ದಾತುಂ’, ಅಂದರೆ ಕೊಟ್ಟದ್ದು. ಇಂಗ್ಲಿಷಿನ ‘ಡೇಟಾ’ ಅದರದೇ ಬಹುವಚನ, ನಾವು ಅದಕ್ಕೆ ಹೇಳುವುದು ದತ್ತಾಂಶ. ಅದನ್ನು ಬೇರೆ ಲೇಖನವಾಗಿಯೇ ಬರೆದು ಕಳಿಸಿ.