ಬೆಕ್ಕು ಲಿಟರ್ ಬಾಕ್ಸ್ (ಅದರ ಟಾಯ್ಲೆಟ್‌ಗೆ ಇಟ್ಟ ಡಬ್ಬ) ಬಿಟ್ಟು ಹಾಸಿಗೆ ಮೇಲೆ ಉಚ್ಚೆ ಮಾಡುತ್ತೆ, ನಿಲ್ಸೋದು ಹೇಗೆ?

ಮೊದ್ಲು ಹೊಡೆಯೋದು, ಮೂಗು ಹಿಡಿದು ಉಚ್ಚೆಗೆ ಉಜ್ಜೋದು ದಯವಿಟ್ಟು ಬೇಡ, ಬೆಕ್ಕು ಸೇಡಿಗೆ ಹಿಂಗ್ ಮಾಡಲ್ಲ. ಇಷ್ಟು ದಿನ ಬಾಕ್ಸಲ್ಲೇ ಮಾಡ್ತಿದ್ದಿದ್ದು ಇದ್ದಕ್ಕಿದ್ದಂಗೆ ಹಾಸಿಗೆ, ಡೋರ್‌ಮ್ಯಾಟ್ ಹುಡುಕ್ತಿದೆ ಅಂದ್ರೆ ಡಾಕ್ಟರ್‌ಗೆ ತೋರ್ಸಿ, ಮೂತ್ರಕೋಶದಲ್ಲಿ ಉರಿಯೂತ, ಕಲ್ಲು, ಶುಗರ್, ಕಿಡ್ನಿ ತೊಂದ್ರೆ ಏನ್ ಬೇಕಾದ್ರೂ ಇರ್ಬಹುದು. ಅದ್ರಲ್ಲೂ ಗಂಡು ಬೆಕ್ಕು ಪದೇ ಪದೇ ಕೂತು ತಿಣುಕ್ತಾ ಇದೆ, ಕೂಗ್ತಾ ಇದೆ, ಆದ್ರೆ ಒಂದ್ ಹನೀನೂ ಬರ್ತಿಲ್ಲ ಅಂದ್ರೆ ಮೂತ್ರನಾಳ ಕಟ್ಕೊಂಡಿರ್ಬಹುದು, ಬೆಳಗ್ಗೆ ನೋಡೋಣ ಅನ್ಬೇಡಿ, ಒಂದೆರಡು ದಿನದಲ್ಲೇ ಜೀವ ಹೋಗ್ಬಹುದು, ರಾತ್ರಿಯಾದ್ರೂ ಕರ್ಕೊಂಡ್ ಹೋಗಿ.

ಆರೋಗ್ಯ ಸರಿ ಇದ್ರೆ ಬಾಕ್ಸ್ ಕಡೆ ನೋಡಿ. ಬೆಕ್ಕಿಗಿಂತ ಒಂದು ಬಾಕ್ಸ್ ಜಾಸ್ತಿ ಇರ್ಬೇಕು, 2 ಬೆಕ್ಕಿದ್ರೆ 3 ಬಾಕ್ಸ್, ಅದೂ ಬೇರೆ ಬೇರೆ ಕಡೆ. ಊಟದ ತಟ್ಟೆ ಪಕ್ಕ, ವಾಷಿಂಗ್ ಮೆಷಿನ್ ಹತ್ರ ಬೇಡ. ಬಾಕ್ಸಲ್ಲಿ ಉಚ್ಚೆಯಿಂದ ಕಟ್ಟಿದ ಗಡ್ಡೆ ದಿನಾ ತೆಗೀರಿ. ಸೆಂಟ್ ಇರೋ ಲಿಟರ್ (ಬಾಕ್ಸಿಗೆ ಹಾಕೋ ಮರಳಿನಂಥದ್ದು) ನಮಗೆ ಘಮ ಅನ್ಸಿದ್ರೂ ಸುಮಾರು ಬೆಕ್ಕುಗಳಿಗೆ ಆಗಲ್ಲ.

ಉಚ್ಚೆ ಮಾಡಿದ ಜಾಗಾನ ಫಿನಾಯಿಲ್ ಹಾಕಿ ಒರೆಸೋದು ನಮ್ಮ ಮನೆಗಳಲ್ಲಿ ಮಾಮೂಲಿ, ಆದ್ರೆ ಅದು ಬೆಕ್ಕಿಗೆ ವಿಷ, ಪಾದಕ್ಕೆ ಅಂಟಿದ್ದನ್ನ ಅದು ನೆಕ್ಕುತ್ತಲ್ಲ. ಎನ್ಜೈಮ್ ಕ್ಲೀನರ್ (ಉಚ್ಚೆ ವಾಸನೇನ ಬುಡದಿಂದ ತೆಗೆಯೋ ದ್ರಾವಣ) ತಂದು ಬಾಟ್ಲಿ ಮೇಲೆ ಬರೆದಷ್ಟು ಹೊತ್ತು ನೆನೆಯೋಕೆ ಬಿಡಿ, ವಾಸನೆ ಉಳಿದ್ರೆ ಮತ್ತೆ ಅಲ್ಲಿಗೇ ಬರುತ್ತೆ.

ಬಾಲ ಎತ್ತಿ ನಿಂತ್ಕೊಂಡೇ ಗೋಡೆಗೆ ಚಿಮ್ಮಿಸ್ತಿದ್ರೆ ಅದು ಬೇರೆ, ತನ್ನ ಜಾಗ ಅಂತ ಗುರುತು ಹಾಕೋದು. ಮರಿ ಆಗದಂಗೆ ಮಾಡೋ ಆಪರೇಷನ್ ಮಾಡ್ಸಿದ್ರೆ ಬಹುತೇಕ ನಿಲ್ಲುತ್ತೆ, 5-6 ತಿಂಗಳಿಗೇ ಮಾಡ್ಸೋದು ಒಳ್ಳೇದು.