ಪೋಲೋ ಜಿಟಿ ಟಿಎಸ್‌ಐ: ಎಂಜಿನ್ ಆಮೇಲೆ ನೋಡಿ, ಮೊದಲು ಏರಿನಲ್ಲಿ ರಿವರ್ಸ್ ಹಾಕಿ

ನಾಪೋಕ್ಲಿನಿಂದ ಕೇಳಿದವರಿಗೆ. ಮೈಸೂರಲ್ಲಿ 2015ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಸಿಕ್ಕಿದೆ, 78,000 ಕಿ.ಮೀ. ಓಡಿದೆ, ದಿನಾ ತೋಟದಿಂದ ಮಡಿಕೇರಿಗೆ, ತಿಂಗಳಿಗೊಮ್ಮೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗ್ಬೇಕು, ತಗೊಳ್ಳಬಹುದಾ, ಖರ್ಚು ಎಷ್ಟು ಬರುತ್ತೆ ಅಂದಿದ್ದೀರಿ. ಇಲ್ಲಿ ಅರ್ಧ ಜನ "ಜರ್ಮನ್ ಗಾಡಿ, ಸಹವಾಸ ಬೇಡ" ಅಂದಿದ್ದಾರೆ. ಎಂಜಿನ್ ಮಟ್ಟಿಗೆ ಆ ಮಾತು ಸರಿಯಲ್ಲ. 1.2 ಲೀಟರ್ ಟರ್ಬೋ, ಶಕ್ತಿ 105 ಪಿಎಸ್, ಎಳೆತ 175 ಎನ್‌ಎಂ. ಎಳೆತವೆಲ್ಲ ಕಡಿಮೆ ಆರ್‌ಪಿಎಂನಲ್ಲೇ ಸಿಗೋದ್ರಿಂದ ಘಾಟಿಗೆ ಹೇಳಿ ಮಾಡಿಸಿದ ಎಂಜಿನ್. ದುಡ್ಡು ತಿನ್ನೋದು ಅದರ ಪಕ್ಕ ಕೂತಿರೋ, ತಾನೇ ಗೇರ್ ಬದಲಿಸೋ ಡಿಎಸ್‌ಜಿ ಗೇರ್‌ಬಾಕ್ಸ್.

ಅದು ಡಿಕ್ಯೂ200, ಏಳು ಗೇರು, ಎರಡು ಡ್ರೈ ಕ್ಲಚ್. ಡ್ರೈ ಅಂದ್ರೆ ಕ್ಲಚ್ ಆಯಿಲ್‌ನಲ್ಲಿ ಮುಳುಗಿರಲ್ಲ, ಬಿಸಿ ಆದ್ರೆ ಗಾಳಿಯಿಂದಲೇ ತಣಿಬೇಕು. 1, 3, 5, 7 ಒಂದು ಕ್ಲಚ್ ಮೇಲೆ. 2, 4, 6 ಮತ್ತು ರಿವರ್ಸ್ ಇನ್ನೊಂದರ ಮೇಲೆ. ಇದು ನೆನಪಿದ್ರೆ ಅರ್ಧ ಪರೀಕ್ಷೆ ನೀವೇ ಮಾಡಬಹುದು. ಗಾಡಿಯನ್ನು ಅರ್ಧ ಗಂಟೆ ಊರೊಳಗಿನ ಟ್ರಾಫಿಕ್‌ನಲ್ಲಿ ಓಡಿಸಿ, ಚೆನ್ನಾಗಿ ಬಿಸಿ ಆಗಲಿ. ಆಮೇಲೆ ಒಂದು ಏರಿನಲ್ಲಿ ಹಿಮ್ಮುಖ ಹತ್ತಿಸಿ, ಆಕ್ಸಿಲರೇಟರ್ ತುಸುವೇ ಒತ್ತಿ. ನಯವಾಗಿ ಎಳೆದ್ರೆ ಸರಿ. ಗಡಗಡ ನಡುಗಿದ್ರೆ, ಅದೇ ನಡುಕ 1ರಿಂದ 2ಕ್ಕೆ ಬೀಳುವಾಗಲೂ ಬಂದ್ರೆ, ಎರಡನೇ ಕ್ಲಚ್ ಸವೆದಿದೆ ಅಂತ ಲೆಕ್ಕ. "ಡಿಎಸ್‌ಜಿ ಅಂದ್ರೆ ಹಾಗೇ ಸಾರ್" ಅಂತ ಮಾರೋರು ಹೇಳ್ತಾರೆ. ಹಾಗೇನಿಲ್ಲ. ಕ್ಲಚ್ ಸೆಟ್ ಬದಲಿಸಲು ಕೂಲಿ ಸೇರಿ 70,000ದಿಂದ 1 ಲಕ್ಷದವರೆಗೆ ಇಟ್ಕೊಳ್ಳಿ.

ಇನ್ನೊಂದು ಮೆಕಾಟ್ರಾನಿಕ್. ಗೇರ್ ಹಾಕೋ ಹೈಡ್ರಾಲಿಕ್ ಪಂಪು, ವಾಲ್ವು, ಕಂಪ್ಯೂಟರು ಎಲ್ಲ ಸೇರಿದ ಒಂದೇ ಡಬ್ಬಿ. ಪ್ರೆಶರ್ ಹಿಡಿದಿಡೋ ಅಕ್ಯುಮುಲೇಟರ್ ಕೂರೋ ಜಾಗದಲ್ಲಿ ಅಲ್ಯೂಮಿನಿಯಂ ಬಿರುಕು ಬಿಡುತ್ತೆ, ಆಯಿಲ್ ಸೋರಿ ಪ್ರೆಶರ್ ನಿಲ್ಲಲ್ಲ. ಆಗ ಮೀಟರ್‌ನಲ್ಲಿ ಗೇರ್ ಅಕ್ಷರ ಮಿಣುಕುತ್ತೆ, ಗಾಡಿಯ ದೋಷ ಓದೋ ಸ್ಕ್ಯಾನರ್‌ನಲ್ಲಿ ಪಿ17ಬಿಎಫ್ ಕೋಡ್ ಬರುತ್ತೆ, ಗಾಡಿ ನಿಂತಲ್ಲೇ ನಿಲ್ಲುತ್ತೆ. ಹೊಸದು ಎರಡು ಲಕ್ಷ ದಾಟುತ್ತೆ. ಡಬ್ಬಿ ಬಿಚ್ಚಿ ಬಿರುಕು ಬಿಟ್ಟ ಹೌಸಿಂಗ್ ಮಾತ್ರ ಬದಲಿಸೋರು ಬೆಂಗಳೂರಲ್ಲಿದ್ದಾರೆ, ಸುಮಾರು 40,000ದಿಂದ 70,000 ಆಗುತ್ತೆ. ಕೆಟ್ಟ ಮೇಲೆ ನಾಪೋಕ್ಲಿನಿಂದ ಫ್ಲ್ಯಾಟ್‌ಬೆಡ್‌ನಲ್ಲೇ ಸಾಗಿಸಬೇಕು, ಆ ಬಾಡಿಗೆ ಬೇರೆ. ಈ ಡಬ್ಬಿಗೆ ತೇವ ಆಗಿಬರಲ್ಲ ಅನ್ನೋದೂ ಗೊತ್ತಿರಲಿ: ಬಿಸಿ, ತೇವ, ಟ್ರಾಫಿಕ್ ಮೂರೂ ಇರೋ ಕಡೆ ಸಿಂಥೆಟಿಕ್ ಗೇರ್ ಆಯಿಲ್‌ನಿಂದ ಕರೆಂಟ್ ತೊಂದರೆ ಬರುತ್ತೆ ಅಂತ 2013ರಲ್ಲಿ ಕಂಪನಿಯೇ ಜಗತ್ತಿನಾದ್ಯಂತ 16 ಲಕ್ಷ ಗಾಡಿ ಹಿಂದಕ್ಕೆ ಕರೆಸಿ ಮಿನರಲ್ ಆಯಿಲ್ ಹಾಕಿತ್ತು. ನಿಮ್ಮದು ಆಮೇಲಿನದು. ಆದ್ರೂ ಹಿಂದಿನ ಓನರ್ ಗೇರ್ ಆಯಿಲ್ ಬದಲಿಸಿದ್ರೆ ಯಾವುದು ಹಾಕಿದ್ದು ಅಂತ ಬಿಲ್ ನೋಡಿ ಖಾತ್ರಿ ಮಾಡ್ಕೊಳ್ಳಿ.

ಘಾಟಿಯಲ್ಲಿ ಈ ಗೇರ್‌ಬಾಕ್ಸ್ ಉಳಿಯೋದು ಹಾಳಾಗೋದು ನಿಮ್ಮ ಕಾಲಲ್ಲಿದೆ. ಮಳೆಗಾಲದಲ್ಲಿ ಮದೆನಾಡು, ಜೋಡುಪಾಲದ ಹತ್ತಿರ ಮಣ್ಣು ಕುಸಿದು ಒಂದು ಸೈಡ್ ಮಾತ್ರ ಬಿಟ್ಟಾಗ ಲಾರಿ ಹಿಂದೆ ಗೇಣುಗೇಣು ಹತ್ತಬೇಕಾಗುತ್ತೆ. ಅಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿದು ನಿಲ್ಲಿಸಬೇಡಿ. ಬ್ರೇಕ್ ಅರೆಬರೆ ಒತ್ತಿದ್ರೂ ಕ್ಲಚ್ ಒಳಗೆ ಉಜ್ಜುತ್ತಲೇ ಇರುತ್ತೆ. ಪೂರ್ತಿ ಒತ್ತಿದ್ರೆ ಮಾತ್ರ ಬಿಡುತ್ತೆ. ಮುಂದೆ ಎರಡು ಗಾಡಿಯಷ್ಟು ಜಾಗ ಆಗೋವರೆಗೆ ಕಾಯಿರಿ, ಆಮೇಲೆ ಒಂದೇ ಸಲ ಹೊರಡಿ. ಮ್ಯಾನುವಲ್ ಮೋಡ್‌ನಲ್ಲಿ 1ಕ್ಕೆ ಇಟ್ರೆ 1-2, 1-2 ಅಂತ ಪರದಾಡೋದು ತಪ್ಪುತ್ತೆ. ಇಳಿಯುವಾಗಲೂ ಡಿ (ಡ್ರೈವ್) ಮೋಡಲ್ಲಿ ಬಿಡಬೇಡಿ, 2 ಅಥವಾ 3ರಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಸಿ. ಬ್ರೇಕ್ ಆಯಿಲ್ ಡಾಟ್ 4, ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ. ಅದು ನೀರು ಹೀರುತ್ತೆ, ನಮ್ಮ ಹವೆಯಲ್ಲಂತೂ ಕೇಳೋದೇ ಬೇಡ. ನೀರು ಸೇರಿದ ಆಯಿಲ್ ಇಳಿಜಾರಿನಲ್ಲಿ ಕಾದು ಕುದಿದ್ರೆ ಪೆಡಲ್ ನೆಲಕ್ಕೆ ಹೋಗುತ್ತೆ.

ಎಂಜಿನ್ ಬಗ್ಗೆ ಬೇಗ ಹೇಳ್ತೀನಿ. ಟಿಎಸ್‌ಐ 1.2ರಲ್ಲಿ ವಾಲ್ವು ಸರಿಯಾದ ಹೊತ್ತಿಗೆ ತೆರೆಸೋಕೆ ಟೈಮಿಂಗ್ ಚೈನ್ ಇರೋ ಹಳೇ ತಲೆಮಾರು, ಬೆಲ್ಟ್ ಇರೋ ಹೊಸ ತಲೆಮಾರು ಎರಡಿವೆ, ಎಂಜಿನ್ ಕೋಡ್ ಕೊಟ್ಟು ಕೇಳಿ. ಚೈನ್ ಆದ್ರೆ ರಾತ್ರಿಯಿಡೀ ನಿಂತ ಗಾಡಿಯನ್ನೇ ಬೆಳಗ್ಗೆ ಸ್ಟಾರ್ಟ್ ಮಾಡಿ. ಎರಡು ಮೂರು ಸೆಕೆಂಡ್ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಸದ್ದು ಬಂದ್ರೆ ಚೈನ್ ಸಡಿಲ ಆಗಿದೆ. ನೀವು ಬರೋಕೆ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ರೆ ಇನ್ನೊಂದು ದಿನ ಬರ್ತೀವಿ ಅನ್ನಿ. ಬೆಲ್ಟ್ ಎಂಜಿನ್‌ನಲ್ಲಿ ಗೇರ್‌ಬಾಕ್ಸ್ ಕಡೆ ತುದಿಯಲ್ಲಿರೋ ವಾಟರ್ ಪಂಪು, ಥರ್ಮೋಸ್ಟಾಟ್ ಪ್ಲಾಸ್ಟಿಕ್ ಹೌಸಿಂಗ್ ಸೋರುತ್ತೆ. ಟಾರ್ಚ್ ಹಾಕಿ ನೋಡಿ, ಕೂಲಂಟ್ ಒಣಗಿ ಗುಲಾಬಿ ಬಣ್ಣದ ಕರೆ ಕಟ್ಟಿದ್ರೆ ಅದೇ. 15,000ದಿಂದ 25,000 ಖರ್ಚು. ಸ್ಪಾರ್ಕ್ ಪ್ಲಗ್ 60,000 ಕಿ.ಮೀ.ಗೆ ಬದಲಾಗಿರಬೇಕು. ಆಯಿಲ್ ಸುಮಾರು 4 ಲೀಟರ್, ವಿಡಬ್ಲ್ಯೂ 502 00 ಅಂತ ಡಬ್ಬದ ಮೇಲೆ ಇರೋ 5ಡಬ್ಲ್ಯೂ-40. ಕಂಪನಿ ಲೆಕ್ಕ 15,000 ಕಿ.ಮೀ., ನಮ್ಮ ಏರಿಳಿತಕ್ಕೆ 10,000ಕ್ಕೇ ಬದಲಿಸಿ. ಟರ್ಬೋ ಬೇರಿಂಗ್‌ಗೆ ಅದೇ ಆಯಿಲ್ ಹೋಗೋದು. ಆಫ್ ಮಾಡಿದ ಮೇಲೂ ಬಾನೆಟ್ ಒಳಗೆ ಗುಂಯ್ ಅಂತಿದ್ರೆ ಗಾಬರಿ ಬೇಡ, ಟರ್ಬೋ ತಣಿಸೋ ಪಂಪ್ ಅದು.

ತೋಟದ ದಾರಿಗೆ ಅಡಿಯಲ್ಲಿ ಕಬ್ಬಿಣದ ಸ್ಕಿಡ್ ಪ್ಲೇಟ್ ಹಾಕಿಸಿ. ಚಕ್ರದ ಜಾಡಿನ ನಡುವಿನ ದಿಬ್ಬದಲ್ಲಿ ಹುಲ್ಲಿನ ಕೆಳಗೆ ಕಲ್ಲಿದ್ರೆ ಗೊತ್ತಾಗಲ್ಲ. ವೈಪರ್ ಕೆಳಗಿನ ಜಾಲಿಯಲ್ಲಿ ಸಿಲ್ವರ್ ಓಕ್ ಮರದ ಎಲೆ ತುಂಬಿದ್ರೆ ನೀರು ಒಳಗೆ, ಕಾಲಡಿಗೆ ಬರುತ್ತೆ. ಮೇ ಕೊನೆಗೆ ಕೈ ಹಾಕಿ ತೆಗೀರಿ. ಶೆಡ್‌ನಲ್ಲಿ ಇಲಿ ಇದ್ರೆ ವೈರ್ ಬಿಡಲ್ಲ, ಕಾಫಿ ಚೀಲದ ಪಕ್ಕ ನಿಲ್ಲಿಸಲೇಬೇಡಿ. ಸಸ್ಪೆನ್ಷನ್‌ನ ಲಿಂಕ್ ರಾಡ್, ಆರ್ಮ್ ಬುಷ್ ಎರಡು ವರ್ಷಕ್ಕೊಮ್ಮೆ ಹೋಗುತ್ತೆ, 10,000ದ ಒಳಗೆ ಮುಗಿಯುತ್ತೆ.

ಹೊರಗಿನ ಒಳ್ಳೆ ಗ್ಯಾರೇಜ್‌ನಲ್ಲಿ ವರ್ಷದ ಸರ್ವೀಸು 10,000ದಿಂದ 15,000, ಟಯರು, ಸಸ್ಪೆನ್ಷನ್ ಸೇರಿಸಿ ಸರಾಸರಿ 30,000 ಇಟ್ಕೊಳ್ಳಿ. ಇದೆಲ್ಲ ಅಂದಾಜು, ಕೆಲಸಕ್ಕೆ ಮುಂಚೆ ಎಸ್ಟಿಮೇಟ್ ಬರೆಸ್ಕೊಳ್ಳಿ. ಗೇರ್‌ಬಾಕ್ಸ್‌ಗೆ ಅಂತ ಬೇರೆ ಒಂದು ಲಕ್ಷ ಬ್ಯಾಂಕಿನಲ್ಲಿ ಮುಟ್ಟದೆ ಇಡೋಕೆ ಆಗಲ್ಲ ಅಂದ್ರೆ ಈ ಗಾಡಿ ಬಿಡಿ, 2020ರ ನಂತರದ ಪೋಲೋ 1.0 ಟಿಎಸ್‌ಐ ಹುಡುಕಿ. ಮೂರು ಸಿಲಿಂಡರ್, 110 ಪಿಎಸ್, ಆಟೋಮ್ಯಾಟಿಕ್ ಬೇಕಾದ್ರೆ 6 ಗೇರಿನ ಟಾರ್ಕ್ ಕನ್ವರ್ಟರ್ (ಡ್ರೈ ಕ್ಲಚ್ ಬದಲು ಆಯಿಲ್ ಮೂಲಕ ಎಳೆತ ದಾಟಿಸೋದು), ಏರಿನಲ್ಲಿ ನಿಂತು ನಿಂತು ಹೋದ್ರೂ ತಡೆಯುತ್ತೆ. ಬೆಲೆ ಜಾಸ್ತಿ, ಆದ್ರೆ ನಿಮ್ಮ ದಾರಿಗೆ ನನ್ನ ಓಟು ಅದಕ್ಕೇ.

ಆದ್ರೂ ಮನಸ್ಸು ಜಿಟಿ ಮೇಲೇ ಇದ್ರೆ ಅಡ್ವಾನ್ಸ್ ಕೊಡೋ ಮುಂಚೆ ಸ್ಕ್ಯಾನರ್ ಹಾಕಿಸಿ. ಹಳೇ ಕೋಡ್ ಅಳಿಸಿರ್ತಾರೆ, ಆದ್ದರಿಂದ 20 ಕಿ.ಮೀ. ಓಡಿಸಿ ಇನ್ನೊಂದು ಸಲ ಹಾಕಿಸಿ. ಗೇರ್‌ಬಾಕ್ಸ್ ಪುಟದಲ್ಲಿ ಕ್ಲಚ್ ಅತಿಯಾಗಿ ಬಿಸಿಯಾದ ದಾಖಲೆ ಇದ್ರೆ ಅದನ್ನೂ ತೆಗೆಸಿ. ಎರಡೂ ಸಲದ ಫೋಟೋ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.