ಒಂದನೇ ವೇಷ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ಜಾನ್ ಸ್ಟಾಕ್ಟನ್ ಎಂಬ ಬಾಸ್ಕೆಟ್‌ಬಾಲ್ ಗಾರ್ಡ್‌ಗೆ, ಅಂದರೆ ಚೆಂಡು ತಂದು ಹಂಚುವವನಿಗೆ, ಎರಡು ಪುಟ ಕೊಟ್ಟಿದ್ದೀರಿ. ಹತ್ತೊಂಬತ್ತು ವರ್ಷ ಚೆಂಡು ಹಂಚಿಕೊಂಡೇ ಕಳೆದವನು, ಒಂದು ಸಲವೂ ಚಾಂಪಿಯನ್ ಆಗದವನು. ಬಾಸ್ಕೆಟ್ ಹಾಕುವವನಲ್ಲವೇ ಗೆಲ್ಲಿಸುವುದು? ನನ್ನ ಮಗನಿಗೆ 14 ವರ್ಷ, 5 ಅಡಿ 2 ಅಂಗುಲ. ಪಿ.ಟಿ. ಮೇಷ್ಟ್ರು ಅವನನ್ನು ಗಾರ್ಡ್ ಮಾಡಿ ‘ನೀನು ಪಾಸ್ ಕೊಡು, ಸಾಕು’ ಅನ್ನುತ್ತಾರೆ. ಮೂರು ಪಂದ್ಯ ಗೆದ್ದರೂ ಪೇಪರಿನಲ್ಲಿ ಅವನ ಹೆಸರಿಲ್ಲ. ಇದೂ ಒಂದು ಕೆರಿಯರ್ರಾ?”

ಉತ್ತರ: ನಿಮ್ಮ ಮಾತಿನಲ್ಲಿ ಸುಳ್ಳಿಲ್ಲ ಮಾರಾಯ್ರೇ. ಬಾಸ್ಕೆಟ್ ಹಾಕದೆ ಯಾವ ತಂಡವೂ ಗೆದ್ದದ್ದಿಲ್ಲ. ಅಮೆರಿಕದ ಎನ್‌ಬಿಎ ಲೀಗಿನಲ್ಲಿ ರೇ ಅಲೆನ್ ಅವರ 2,973 ಬಾಸ್ಕೆಟ್‌ಗಳ (ದೂರದಿಂದ ಹಾಕಿ ಮೂರು ಅಂಕ ಪಡೆಯುವಂಥವು) ದಾಖಲೆಯನ್ನು 2021ರ ಡಿಸೆಂಬರ್ 14ರಂದು ದಾಟಿದ ಸ್ಟೀಫನ್ ಕರಿ ಕೂಡ ಗಾರ್ಡೇ. ಅವರಿಗೊಂದು ನಮಸ್ಕಾರ. ಇನ್ನು ನಮ್ಮ ಸ್ಟಾಕ್ಟನ್ ವಿಷಯಕ್ಕೆ ಬರೋಣ.

1984ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ, ಯೂಟಾ ಜಾಝ್ ತಂಡ ಅವರನ್ನು ಹದಿನಾರನೆಯವರಾಗಿ ಆರಿಸಿತು. ಎತ್ತರ 6 ಅಡಿ 1 ಅಂಗುಲ. ಆ ದೈತ್ಯರ ನಡುವೆ ಅದು ಕುಳ್ಳೇ. ಮೊದಲ ಮೂರು ವರ್ಷ ರಿಕಿ ಗ್ರೀನ್ ಅವರ ಹಿಂದೆ ಹೆಚ್ಚಾಗಿ ಬೆಂಚು ಕಾದರು. ಆಮೇಲೆ ಸತತ ಒಂಬತ್ತು ಸೀಸನ್ ಅಸಿಸ್ಟ್‌ನಲ್ಲಿ, ಅಂದರೆ ಬಾಸ್ಕೆಟ್ ಆಗುವ ಪಾಸ್ ಕೊಡುವುದರಲ್ಲಿ, ಅವರೇ ಮೊದಲು. 2003ರಲ್ಲಿ ನಿವೃತ್ತರಾದಾಗ ಲೆಕ್ಕ 15,806 ಅಸಿಸ್ಟ್, 3,265 ಸ್ಟೀಲ್ (ಎದುರಾಳಿಯಿಂದ ಕಸಿದ ಚೆಂಡು). ಅಸಿಸ್ಟ್‌ನಲ್ಲಿ ಇವತ್ತಿಗೂ 13 ಸಾವಿರ ಮುಟ್ಟಿದ ಇನ್ನೊಬ್ಬರಿಲ್ಲ. ನನಗೆ ಇದಕ್ಕಿಂತ ಹಿತವಾದ ಲೆಕ್ಕ ಬೇರೆ: ಅಷ್ಟು ವರ್ಷದಲ್ಲಿ ಜಾಝ್ ಆಡಿದ 1,526 ಲೀಗ್ ಪಂದ್ಯಗಳಲ್ಲಿ ಅವರು ತಪ್ಪಿಸಿಕೊಂಡದ್ದು 22. ಅದರಲ್ಲಿ 18 ಒಂದೇ ಸೀಸನ್ನಿನವು, ಮೊಣಕಾಲಿನ ಕಾರಣಕ್ಕೆ. ಅಂಕವೇ ಬೇಕೆಂದರೆ ಅದೂ ಇದೆ, 19,711. ಚಾಂಪಿಯನ್ ಆಗಲಿಲ್ಲ, ನಿಜ. 1997 ಮತ್ತು 1998ರ ಎರಡೂ ಫೈನಲ್‌ಗಳಲ್ಲಿ ಎದುರಿಗಿದ್ದದ್ದು ಮೈಕೆಲ್ ಜೋರ್ಡನ್ ಅವರ ಶಿಕಾಗೊ. ಹಾಗೆ ಸೋತದ್ದನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ? ಜೊತೆಗಾರ ಕಾರ್ಲ್ ಮಲೋನ್ ಗಳಿಸಿದ 36,928 ಅಂಕಗಳ ಹಿಂದೆ ಯಾರ ಕೈಯಿತ್ತೆಂದು ಮಲೋನ್ ಅವರನ್ನೇ ಕೇಳಬೇಕು.

ನೀವು ಯಕ್ಷಗಾನದ ಸೀಮೆಯವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ಆಶ್ಚರ್ಯ. ಶಿಳ್ಳೆ ಬೀಳುವುದು ಕುಣಿಯುವವರಿಗೆ. ಆದರೆ ಪದ ಎತ್ತುವುದು, ಕಾಲ ಏರಿಸುವುದು, ದಣಿದ ವೇಷವನ್ನು ಒಳಗೆ ಕಳಿಸುವುದು ಜಾಗಟೆ ಹಿಡಿದ ಭಾಗವತರು. ಅವರನ್ನು ಒಂದನೇ ವೇಷ ಎನ್ನುವ ರೂಢಿಯಿದೆ. ಬಾಸ್ಕೆಟ್‌ಬಾಲ್‌ನವರೂ ಹೀಗೆ ಆಟ ನಡೆಸುವ ಪಾಯಿಂಟ್ ಗಾರ್ಡನ್ನು ‘ಒಂದನೇ ನಂಬರು’ ಎಂದೇ ಕರೆಯುತ್ತಾರೆ.

‘ಪಾಸ್ ಕೊಡು, ಸಾಕು’ ಎಂಬ ಮಾತಿನೊಳಗೆ ಎಷ್ಟಿದೆ ನೋಡಿ. ಒಂದು ದಾಳಿಗೆ ಸಿಗುವುದು 24 ಸೆಕೆಂಡು. ಮೊದಲ 8ರೊಳಗೆ ಅರ್ಧ ಅಂಕಣ ದಾಟಬೇಕು. ಆಮೇಲೆ ಎತ್ತರದ ಜೊತೆಗಾರ ಬಂದು, ಗಾರ್ಡನ್ನು ಕಾಯುತ್ತಿರುವ ಎದುರಾಳಿಗೆ ಗೋಡೆಯ ಹಾಗೆ ಅಡ್ಡ ನಿಲ್ಲುತ್ತಾನೆ, ಅದೇ ಸ್ಕ್ರೀನ್. ಅವನ ಎರಡೂ ಪಾದ ನೆಲ ಕಚ್ಚುವ ತನಕ ಗಾರ್ಡ್ ಕದಲಬಾರದು. ಅವಸರಪಟ್ಟರೆ ಫೌಲ್ ಬೀಳುವುದು ಸ್ಕ್ರೀನ್ ಕೊಟ್ಟವನ ಮೇಲೆ, ತಪ್ಪು ಮಾತ್ರ ಗಾರ್ಡಿನದು. ಹೊರಟಾಗ ಭುಜ ಅವನ ಸೊಂಟಕ್ಕೆ ಸವರಿಕೊಂಡೇ ಹೋಗಬೇಕು. ಒಂದು ಗೇಣು ಸಂದಿ ಬಿಟ್ಟರೂ ಕಾಯುವವನು ನುಸುಳಿ ಬರುತ್ತಾನೆ. ನಂತರ ಎರಡೇ ಡ್ರಿಬಲ್ (ಚೆಂಡನ್ನು ನೆಲಕ್ಕೆ ಪುಟಿಸುವುದು), ಕಣ್ಣು ದೊಡ್ಡವನನ್ನು ಕಾಯುತ್ತಿದ್ದವನ ಕಾಲಿನ ಮೇಲೆ. ಅವನು ಗಾರ್ಡಿನತ್ತ ಒಂದು ಹೆಜ್ಜೆ ಇಟ್ಟನೋ, ರಿಂಗಿನತ್ತ ತಿರುಗಿ ಓಡುವ ದೊಡ್ಡವನಿಗೆ ಬೌನ್ಸ್ ಪಾಸ್. ಇಡಲಿಲ್ಲವೋ, ಗಾರ್ಡೇ ಬಾಸ್ಕೆಟ್ ಹಾಕಬೇಕು. ಸ್ಟಾಕ್ಟನ್ ಮತ್ತು ಮಲೋನ್ ಹದಿನೆಂಟು ಸೀಸನ್ ಆಡಿದ್ದು ಹೆಚ್ಚುಕಡಿಮೆ ಇದನ್ನೇ. ಎದುರಾಳಿಗಳಿಗೆಲ್ಲ ಗೊತ್ತಿತ್ತು, ಆದರೂ ತಡೆಯಲಾಗಲಿಲ್ಲ.

ಬೌನ್ಸ್ ಪಾಸು ನಡುವಿನ ದೂರದ ಮೂರರಲ್ಲಿ ಎರಡು ಪಾಲು ದಾಟಿ ನೆಲ ಮುಟ್ಟಿದರೆ ಸರಿಯಾಗಿ ಸೊಂಟಕ್ಕೆ ಏಳುತ್ತದೆ. ಅದಕ್ಕಿಂತ ಹಿಂದೆ ಬಿದ್ದರೆ ತೇಲಿಕೊಂಡು ಎದುರಾಳಿಯ ಕೈಗೆ ಹೋಗುತ್ತದೆ. ಕಾಲ ಬುಡದಲ್ಲಿ ಬಿದ್ದರೆ ಹಿಡಿಯುವವನು ಬಗ್ಗಬೇಕು, ಅಷ್ಟರಲ್ಲಿ ಅವಕಾಶ ಮುಗಿದಿರುತ್ತದೆ. ಹುಡುಗರು ಹೆಚ್ಚಾಗಿ ಎಡವುವುದು ಎಲ್ಲೆಂದರೆ, ಎರಡು ಕೈಯಲ್ಲಿ ಚೆಂಡು ಹಿಡಿದ ಮೇಲೆ ‘ಯಾರಿಗೆ ಕೊಡಲಿ’ ಎಂದು ಹುಡುಕುವುದರಲ್ಲಿ. ಹಿಡಿದ ಮೇಲೆ ಮತ್ತೆ ಡ್ರಿಬಲ್ ಮಾಡುವಂತಿಲ್ಲ. ನೋಡುವುದೆಲ್ಲ ಅದಕ್ಕೆ ಮೊದಲೇ ಮುಗಿದಿರಬೇಕು.

ಮಲೆನಾಡಿನವರಿಗೆ ಇದರಲ್ಲೊಂದು ಅನುಕೂಲವಿದೆ, ಅದನ್ನು ನೀವು ಗಮನಿಸಿಲ್ಲ. ಜೂನ್ ಹಿಡಿದು ನಾಲ್ಕು ತಿಂಗಳು ನಿಮ್ಮ ಬಯಲು ಅಂಕಣದಲ್ಲಿ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ಗಡಸು ಪೊರಕೆಯಲ್ಲಿ ತಿಕ್ಕಿದರೂ ಎಂಟು ದಿನಕ್ಕೆ ಮತ್ತೆ ಹಸಿರು. ಅದರ ಮೇಲೆ ಓಡಿಸಿದರೆ ಮೊದಲು ಹೋಗುವುದು ಪಾದದ ಗಂಟು (ಆಂಕಲ್); ಕರಿ ಅಂಥವರೇ 2011, 2012ರಲ್ಲಿ ಎರಡು ಸಲ ಆ ಗಂಟಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಬಾಸ್ಕೆಟ್ ಹಾಕುವುದನ್ನು ಕಲಿಯಲು ರಿಂಗು ಬೇಕು, ಅಂಕಣ ಬೇಕು. ಗಾರ್ಡಿನ ಕೆಲಸ ಕಲಿಯಲು ಕೊಟ್ಟಿಗೆ ಪಕ್ಕದ ಸೂರಿನಡಿ ಹತ್ತಡಿ ಸಿಮೆಂಟು ನೆಲ ಸಾಕು. ರಬ್ಬರಿನ ಚೆಂಡು ಕೊಡಿಸಿ, ಚರ್ಮದ್ದು ನೀರು ಕುಡಿದು ಭಾರವಾಗಿ ಆಮೇಲೆ ಬಿರಿಯುತ್ತದೆ. ಆರಡಿಯಿಂದ ಬಿಟ್ಟರೆ ನಾಲ್ಕಡಿ ಆಸುಪಾಸು ಪುಟಿಯುವಷ್ಟು ಗಾಳಿ ಇರಲಿ. ದಿನಕ್ಕೆ ಇಪ್ಪತ್ತು ನಿಮಿಷ, ಮಂಡಿ ಬಗ್ಗಿಸಿ, ಚೆಂಡು ಮೊಣಕಾಲಿನೆತ್ತರಕ್ಕೆ. ತಾಗಬೇಕಾದ್ದು ಬೆರಳ ತುದಿಯ ಮೆತ್ತೆ, ಅಂಗೈ ಅಲ್ಲ. ಎಡಗೈಗೆ ಬಲಗೈಯ ಎರಡರಷ್ಟು ಹೊತ್ತು. ಎದುರಿನ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ, ಡ್ರಿಬಲ್ ಮಾಡುತ್ತಲೇ ತಾರೀಖು ಗಟ್ಟಿಯಾಗಿ ಓದಿಸಿ. ಚೆಂಡು ನೋಡುವ ಚಟ ಹೋಗುತ್ತದೆ. ಇನ್ನೊಂದು ಗೋಡೆಗೆ ಎದೆಯೆತ್ತರದಲ್ಲಿ ಸೀಮೆಸುಣ್ಣದ ಚೌಕ ಬರೆದು ಎಂಟಡಿಯಿಂದ ಐವತ್ತು ಪಾಸ್. ಒಳಗೆ ಅಜ್ಜಿ ಮಲಗುವ ಕೋಣೆಯ ಗೋಡೆಯನ್ನು ಮಾತ್ರ ಆರಿಸಬೇಡಿ.

ಎತ್ತರದ ಚಿಂತೆಗೆ ಜನ 5 ಅಡಿ 3 ಅಂಗುಲದ ಮಗ್ಸಿ ಬೋಗ್ಸ್ ಕಥೆ ಹೇಳುತ್ತಾರೆ. ಅವರು ಎನ್‌ಬಿಎಯಲ್ಲಿ 14 ಸೀಸನ್ ಆಡಿದ್ದು ಹೌದು, ಆದರೆ ಅಂಥವರು ಇನ್ನೊಬ್ಬರು ಬರಲಿಲ್ಲ. ಅವರ ಹೆಸರು ಹೇಳಿ ನಿಮ್ಮ ಹುಡುಗನನ್ನು ಅಟ್ಟಕ್ಕೇರಿಸಲಾರೆ. ಹದಿನಾಲ್ಕಕ್ಕೆ ಎತ್ತರ ಮುಗಿಯುವುದಿಲ್ಲ ಎಂಬಷ್ಟು ನೆನಪಿರಲಿ. ಇನ್ನು ಅನ್ನದ ಪ್ರಶ್ನೆ. ನಮ್ಮಲ್ಲಿ ಈ ಆಟದಿಂದ ಬದುಕುವವರು ಬಹುಪಾಲು ರೈಲ್ವೆ, ಸೇನೆ, ಒಎನ್‌ಜಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್ ಇಂಥ ಕಡೆಯ ನೌಕರರು. ಭಾರತ ತಂಡದ ನಾಯಕರಾಗಿದ್ದ ಗಾರ್ಡ್ ವಿಶೇಷ್ ಭೃಗುವಂಶಿ ಒಎನ್‌ಜಿಸಿಯವರು. 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ 36ಅರ್ಸ್ ತಂಡದ ಒಪ್ಪಂದ ಸಿಕ್ಕಿತು, 2020ರ ಅರ್ಜುನ ಪ್ರಶಸ್ತಿಯೂ ಬಂತು. ಕ್ರೀಡಾ ಕೋಟಾದಲ್ಲಿ ರೈಲ್ವೆ ಸಾಮಾನ್ಯವಾಗಿ ಕೇಳುವ ವಯಸ್ಸು 18ರಿಂದ 25. ಅಲ್ಲಿ ನಡೆಯುವುದು ಮಾನ್ಯತೆ ಇರುವ ರಾಷ್ಟ್ರೀಯ ಪಂದ್ಯಾವಳಿಗಳ ಪ್ರಮಾಣಪತ್ರ. ಊರ ಟೂರ್ನಿಯ ಕಪ್ಪು ಷೋಕೇಸಿಗೆ ಮಾತ್ರ. ಜನ್ಮ ದಾಖಲೆ ಮತ್ತು ಶಾಲೆಯ ದಾಖಲೆಯಲ್ಲಿ ತಾರೀಖು, ಹೆಸರಿನ ಕಾಗುಣಿತ ಒಂದೇ ಇದೆಯೇ ಎಂದು ಈಗಲೇ ನೋಡಿ. ಎಷ್ಟೋ ಹುಡುಗರು ಅಲ್ಲಿ ಹೊರಬೀಳುತ್ತಾರೆ.

ಪೇಪರಿನಲ್ಲಿ ಹೆಸರು ಬರಲಿಲ್ಲ ಎಂದಿರಿ. ವರದಿಗಾರರು ನೋಡುವುದು ಸ್ಕೋರ್‌ಶೀಟು, ಅದರಲ್ಲಿ ಇರುವುದು ಅಂಕ ಮತ್ತು ಫೌಲ್. ಅಸಿಸ್ಟಿಗೆ ಅಲ್ಲಿ ಕಾಲಮ್ಮೇ ಇಲ್ಲ. ಕೂಗುವ ಬದಲು ನೀವೇ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ: ಬಾಸ್ಕೆಟ್ ಆದ ಪಾಸಿಗೆ ಒಂದು ಗೆರೆ, ಕಳೆದುಕೊಂಡ ಚೆಂಡಿಗೆ ಒಂದು ಸೊನ್ನೆ. ಒಂದು ಸೊನ್ನೆಗೆ ಎರಡು ಗೆರೆ ಬಂದರೆ ಹುಡುಗ ಚೆನ್ನಾಗಿ ಆಡಿದ. ಸ್ಟಾಕ್ಟನ್ ಅವರದ್ದು ಮೂರೂವರೆಗೂ ಮೇಲೆ. ನಿಮ್ಮ ಸಿಟ್ಟು ಉಳಿದಿದ್ದರೆ ಅದನ್ನು ಸಮುದಾಯ ಭವನಗಳ ಮೇಲೆ ತೀರಿಸಿ. ಊರೂರಿಗೆ ಒಂದರಂತೆ ಎದ್ದಿವೆ, ಮದುವೆ ಇಲ್ಲದ ದಿನ ಬೀಗ. ಮಳೆಗಾಲದಲ್ಲಿ ಆಡೋಣವೆಂದರೆ ತಾರಸಿ ಹನ್ನೆರಡು ಅಡಿಗೇ ಮುಗಿದಿರುತ್ತದೆ. ರಿಂಗಿನ ಎತ್ತರವೇ ಹತ್ತಡಿ, ನಿಯಮದ ಪ್ರಕಾರ ಮಾಡು ಕನಿಷ್ಠ 7 ಮೀಟರ್ ಮೇಲಿರಬೇಕು. ನಿಮ್ಮ ಕಡೆ ಮುಂದಿನ ಭವನಕ್ಕೆ ಅಂದಾಜುಪಟ್ಟಿ ತಯಾರಾಗುವಾಗ ಇಂಜಿನಿಯರಿಗೆ ಈ 7 ಮೀಟರಿನ ಮಾತು ಕಿವಿಗೆ ಹಾಕಿ ನೋಡಿ. ಅವರು ಏನೆಂದರು ಅಂತ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ.

— ಸಂಪಾದಕ